ಜಲೀಲನ ಬುಲ್ ಬುಲ್, ನಾಯಕನ ಬುಲ್ ಬುಲ್

1972ರ ‘ನಾಗರಹಾವು’ ಚಿತ್ರದಲ್ಲಿ ಅಲಮೇಲುವನ್ನು ‘ಬುಲ್ ಬುಲ್’ ಎಂದು ಕರೆದು ಕಾಡುವವನು ಜಲೀಲ. ಅಂಬರೀಷ್ ಅವರ ಮೊದಲ ಪಾತ್ರ ಅದು. ಪುಟ್ಟಣ್ಣ ಕಣಗಾಲರು ಅವನನ್ನು ಪುಂಡನೆಂದೇ ತೋರಿಸಿದ್ದಾರೆ. ರಾಮಾಚಾರಿ ಕೈಲಿ ಅವನು ಒದೆ ತಿನ್ನುವಾಗ ನಾವೆಲ್ಲ ಶಿಳ್ಳೆ ಹೊಡೆಯುತ್ತೇವೆ. 2013ರಲ್ಲಿ ಅದೇ ‘ಬುಲ್ ಬುಲ್’ ದರ್ಶನ್ ನಟಿಸಿದ ಪ್ರೇಮಚಿತ್ರದ ಹೆಸರಾಯಿತು. 41 ವರ್ಷದಲ್ಲಿ ಪುಂಡನ ಬಾಯಿಯ ಮಾತು ನಾಯಕನ ಮುದ್ದಿನ ಮಾತಾಗಿ ಬಡ್ತಿ ಪಡೆದಿತ್ತು!

ಹಾಗೆ ನೋಡಿದರೆ ರಾಮಾಚಾರಿಯೂ ಸಾಚಾ ಅಲ್ಲ. ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ಕೊಡುತ್ತೇನೆಂದು ಅಲಮೇಲುವಿನ ಅಣ್ಣ ಮಾತು ಕೊಡುತ್ತಾನೆ. ಅವಳನ್ನು ಯಾರೂ ಕೇಳುವುದಿಲ್ಲ. ಮುಂದೆ ಮಾರ್ಗರೆಟ್‌ಗೆ ಎಲ್ಲರೆದುರು ಮುತ್ತಿಡುವವನೂ ಇದೇ ರಾಮಾಚಾರಿ. ಜಲೀಲ ಮಾಡಿದರೆ ಪುಂಡಾಟ, ನಾಯಕ ಮಾಡಿದರೆ ಛಲ. ವ್ಯತ್ಯಾಸವಿರುವುದು ಹಿನ್ನೆಲೆ ಸಂಗೀತದಲ್ಲಷ್ಟೇ.

ವಿಮರ್ಶಕರ ಅಳತೆಗೋಲೂ ಹೀಗೇ. ‘ಕುಟುಂಬ ಸಮೇತ ನೋಡಬಹುದಾದ ಚಿತ್ರ’ ಎಂದು ಬರೆಯುವಾಗ ಅವರು ಲೆಕ್ಕ ಹಾಕುವುದು ಮುತ್ತು, ತುಂಡುಬಟ್ಟೆ, ಮದ್ಯ ಎಷ್ಟಿದೆ ಎಂದು. ನಾಯಕ ಒಲ್ಲದ ಹುಡುಗಿಯ ಬೆನ್ನು ಬಿದ್ದು ಅಲೆದದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಗಂಡ ಸತ್ತ ಹೆಣ್ಣಿಗೂ ಆಸೆಯಿದೆ ಎಂದ ‘ನಾತಿಚರಾಮಿ’ಯಂಥ ಚಿತ್ರ ಬಂದರೆ ಮಾತ್ರ ‘ಬೋಲ್ಡ್’ ಎಂಬ ಪದ ಹೊರಗೆ ಬರುತ್ತದೆ. ನಾಯಕನ ಆಸೆಗೆ ಯಾರೂ ಆ ಪದ ಬಳಸಿದ್ದನ್ನು ನಾನು ಓದಿಲ್ಲ.

ನಮ್ಮ ಹಡಗಲಿ ಕಡೆ ತೆಲುಗು ಚಿತ್ರಗಳಿಗೂ ಅಭಿಮಾನಿಗಳಿಗೆ ಬರವಿಲ್ಲ. 2017ರ ‘ಅರ್ಜುನ್ ರೆಡ್ಡಿ’ಯಲ್ಲಿ ನಾಯಕ ಹುಡುಗಿಯ ಹೆಸರೂ ಸರಿಯಾಗಿ ಕೇಳದೆ ‘ಇವಳು ನನ್ನವಳು’ ಎಂದು ಕಾಲೇಜಿಗೆಲ್ಲ ಸಾರುತ್ತಾನೆ. ಹೈದರಾಬಾದಿನಲ್ಲಿ ರಾಜಕಾರಣಿ ವಿ. ಹನುಮಂತರಾವ್ ಪೋಸ್ಟರ್ ಹರಿದದ್ದು ಇದಕ್ಕಲ್ಲ, ಅದರಲ್ಲಿದ್ದ ಮುತ್ತಿನ ಚಿತ್ರಕ್ಕೆ. ವಿಮರ್ಶಕರಲ್ಲಿ ಹೆಚ್ಚಿನವರು ಹೊಗಳಿದರು. ಅದೇ ನಿರ್ದೇಶಕ ಅದೇ ಕಥೆಯನ್ನು 2019ರಲ್ಲಿ ‘ಕಬೀರ್ ಸಿಂಗ್’ ಎಂದು ಹಿಂದಿಯಲ್ಲಿ ಮಾಡಿದಾಗ ಟೀಕೆಯ ಸುರಿಮಳೆ. ನಡುವೆ ಮೀಟೂ ಬಂದುಹೋಗಿತ್ತು, ನಿಜ. ಟೀಕೆಯೂ ಸರಿಯೇ. ಆದರೆ ಅದು ಹಿಂದಿಗೆ ಹೋಗುವವರೆಗೂ ಏಕೆ ಕಾಯಬೇಕಿತ್ತು?

‘ಸಿನಿಮಾ ನೋಡಿ ಯಾರು ಕೆಡ್ತಾರೆ?’ ಎಂದು ಹುಡುಗರು ಕೇಳುತ್ತಾರೆ. ಕೆಡುತ್ತಾರೋ ಇಲ್ಲವೋ, ಬಸ್ ಸ್ಟ್ಯಾಂಡಿನಲ್ಲಿ ಬಳಕೆಯಾಗುವ ಮಾತು ಮಾತ್ರ ಸಿನಿಮಾದ್ದೇ. ಹಳ್ಳಿಯಿಂದ ಕಾಲೇಜಿಗೆ ಬರುತ್ತಿದ್ದ ನನ್ನ ಗೆಳತಿಯ ಹಿಂದೆ ಒಬ್ಬ ತಿಂಗಳುಗಟ್ಟಲೆ ಅಲೆದ. ವಿಷಯ ಮನೆಗೆ ಗೊತ್ತಾಯಿತು. ಕಾಲೇಜು ಬಿಟ್ಟದ್ದು ಅವಳು; ಅವನು ಈಗಲೂ ಅದೇ ಬಸ್ಸಿಗೆ ಬರುತ್ತಾನೆ. ‘ಬುಲ್ ಬುಲ್’ ತೆರೆಕಂಡ 2013ರಲ್ಲೇ, ಒಲ್ಲೆ ಎಂದವಳ ಹಿಂದೆ ಮತ್ತೆ ಮತ್ತೆ ಬೀಳುವುದು ಐಪಿಸಿ 354ಡಿ ಪ್ರಕಾರ ಅಪರಾಧವಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲವೇ 3 ವರ್ಷದವರೆಗೆ ಜೈಲು. (ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು ಬರೆದಿಟ್ಟುಕೊಳ್ಳಿ.) ಅವಳ ಮನೆಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ.

ಸೋಜಿಗವೆಂದರೆ, ಈ ಎರಡು ತಕ್ಕಡಿಯನ್ನು ಕನ್ನಡದಲ್ಲಿ ಚೆನ್ನಾಗಿ ತೋರಿಸಿದವರೂ ಪುಟ್ಟಣ್ಣನವರೇ. ‘ನಾಗರಹಾವು’ ಚಿತ್ರಕ್ಕೂ ಒಂದು ವರ್ಷ ಮೊದಲು, ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ದಲ್ಲಿ. ಮದುವೆಗೆ ಮುಂಚಿನ ಒಂದು ಸಂಬಂಧಕ್ಕಾಗಿ ಕಾವೇರಿಯನ್ನು ದೂರವಿಡುವ ಗಂಡ ಸತೀಶ, ತಾನು ಆಫೀಸಿನವಳೊಂದಿಗೆ ಸಂಬಂಧ ಇಟ್ಟುಕೊಂಡಿರುತ್ತಾನೆ. ಕಲ್ಪನಾ ಅವರ ಅಭಿನಯವನ್ನು ಇಂದಿಗೂ ಎಲ್ಲರೂ ಕೊಂಡಾಡುತ್ತಾರೆ. ಸತೀಶನ ಬಗ್ಗೆ ಬರೆದವರು ಕಡಿಮೆ.

ಕಳೆದ ತಿಂಗಳು ಅದನ್ನು ಗೆಳತಿಗೆ ಮೊಬೈಲಿನಲ್ಲಿ ತೋರಿಸಿದೆ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: ‘ಆಕಿ ಮತ್ತ ಆಸ್ಪತ್ರಿ ಸೇರಿದ್ಲು. ಆತಗೇನಾತು?’