ಊಟಿ ದಾರಿಯ ಪಕ್ಕದಲ್ಲೇ ಇತ್ತೊಂದು ಚಿನ್ನದ ಹುಚ್ಚು

ವೀಕೆಂಡ್ ಬಂತು ಅಂದ್ರೆ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವ ಕಾರುಗಳಿಗೆ ಲೆಕ್ಕವಿಲ್ಲ. ಉಡಿಗಾಲ, ತೆರಕಣಾಂಬಿ ಕಡೆಯ ನಮ್ಮೂರಿನವರಿಗೂ ಊಟಿಗೆ ಇದೇ ದಾರಿ. ಆನೆ ಕಾಣುತ್ತಾ, ರಾತ್ರಿ ಒಂಬತ್ತಕ್ಕೆ ಗೇಟ್ ಹಾಕುವಷ್ಟರಲ್ಲಿ ವಾಪಸ್ ದಾಟ್ತೀವಾ ಅನ್ನೋದೇ ಎಲ್ಲರ ಚಿಂತೆ. ಕಾಡು ಮುಗಿದು ಗೂಡಲೂರು ಬಂದಾಗ ಎಲ್ಲರೂ ಎಡಕ್ಕೆ ಊಟಿ ಘಾಟಿ ಹತ್ತುತ್ತಾರೆ. ಅಲ್ಲಿಂದ ಇನ್ನೊಂದು ದಿಕ್ಕಿಗೆ, ದೇವಾಲ, ಪಂದಲೂರಿನ ಕಡೆ ಹೋಗುವವರು ಕಡಿಮೆ. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟೂ ಟೀ ತೋಟ. ಆದರೆ 1880ರಲ್ಲಿ ಲಂಡನ್ನಿನ ಷೇರುಪೇಟೆಯಲ್ಲಿ ಈ ಊರುಗಳ ಹೆಸರು ಹೇಳಿದರೆ ಸಾಕಿತ್ತು, ಜನ ದುಡ್ಡು ತಂದು ಸುರಿಯುತ್ತಿದ್ದರು. ಕಾರಣ, ಚಿನ್ನ.

ಮರಿಗೆಯಿಂದ ಕಂಪನಿಗೆ

ಆ ಸೀಮೆಯಲ್ಲಿ ಚಿನ್ನ ಇದೆ ಅನ್ನೋದು ಹೊಸ ಸುದ್ದಿಯೇನಲ್ಲ. ಕುರುಂಬರು, ಪಣಿಯರು ಹಳ್ಳದ ಮಣ್ಣನ್ನು ಮರಿಗೆಯಲ್ಲಿ ಹಾಕಿ ಜಾಲಿಸಿ, ಕಾಳಿನಷ್ಟು ಚಿನ್ನ ತೆಗೆಯುತ್ತಿದ್ದರು. ಅದರಲ್ಲಿ ಹೆಚ್ಚು ಪಾಲು ಅವರನ್ನು ದುಡಿಸಿಕೊಳ್ಳುತ್ತಿದ್ದ ಚೆಟ್ಟಿಗಳಿಗೆ. 1830ರ ದಶಕದಲ್ಲೇ ಬ್ರಿಟಿಷ್ ಸರ್ಕಾರ ಒಬ್ಬ ಅಧಿಕಾರಿಯನ್ನು ಕಳಿಸಿ ಹುಡುಕಿಸಿತ್ತು. ದೊಡ್ಡದೇನೂ ಸಿಗದೆ ಸುಮ್ಮನಾಯಿತು.

ಆಮೇಲೆ ಬಂದದ್ದು ಕಾಫಿ. ಇಂಗ್ಲಿಷ್ ಪ್ಲಾಂಟರ್‌ಗಳು ನಿಲಂಬೂರಿನ ಜಮೀನ್ದಾರಿ ಮನೆತನದಿಂದ ಗುತ್ತಿಗೆಗೆ ಭೂಮಿ ಹಿಡಿದು ಕಾಡು ಕಡಿದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ನಂತರ ಕಾಂಡಕೊರಕ ಹುಳ ಬಂತು, ಎಲೆರೋಗ ಬಂತು. ತೋಟ ಸಾಲಕ್ಕೆ ಬಿತ್ತು. ಆ ಹೊತ್ತಿಗೆ ತೋಟದ ಅಡಿಯಲ್ಲಿ ಬೆಣಚುಕಲ್ಲಿನ ಪಟ್ಟೆಗಳಿವೆ, ಅದರೊಳಗೆ ಚಿನ್ನ ಇದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನೋದುಂಟೇ? 1874ರಲ್ಲಿ ಆಲ್ಫಾ ಅನ್ನುವ ಮೊದಲ ಕಂಪನಿ ಶುರುವಾಯಿತು.

ಬೆಂಕಿಗೆ ತುಪ್ಪ ಸುರಿದದ್ದು ಒಂದು ವರದಿ. ಸರ್ಕಾರ 1879ರಲ್ಲಿ ರಾಬರ್ಟ್ ಬ್ರೌ ಸ್ಮಿತ್ ಎಂಬ ತಜ್ಞರನ್ನು ಕರೆಸಿತು. ಅವರು ಆಸ್ಟ್ರೇಲಿಯಾದ ಚಿನ್ನದ ನಾಡು ವಿಕ್ಟೋರಿಯಾದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದವರು. 1880ರಲ್ಲಿ ಬಂದ ಅವರ ವರದಿ ಬಹಳ ಆಶಾದಾಯಕವಾಗಿತ್ತು. ಅಷ್ಟು ಸಾಕಾಯಿತು. ಒಂದೆರಡು ವರ್ಷದಲ್ಲಿ ಲಂಡನ್ನಿನಲ್ಲಿ ಡಜನ್‌ಗಟ್ಟಲೆ ವಯನಾಡು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಒಟ್ಟು ಬಂಡವಾಳ 40 ಲಕ್ಷ ಪೌಂಡಿಗೂ ಜಾಸ್ತಿ. ಈಗಿನ ಲೆಕ್ಕದಲ್ಲಿ ಸಾವಿರಾರು ಕೋಟಿ ರೂಪಾಯಿ.

ದುಡ್ಡು ಹೋಗಿದ್ದೆಲ್ಲಿಗೆ?

ಇಲ್ಲೇ ಇರೋದು ವಿಷಯ. ಆ ಹಣದಲ್ಲಿ ಗುದ್ದಲಿ ಹಿಡಿದು ನೆಲ ಅಗೆಯಲು ಖರ್ಚಾದದ್ದು ಸಣ್ಣ ಪಾಲು. ದೊಡ್ಡ ಪಾಲು ಹೋದದ್ದು ಭೂಮಿ ಮಾರಿದವರಿಗೆ ಮತ್ತು ಕಂಪನಿ ಕಟ್ಟಿದ ದಲ್ಲಾಳಿಗಳಿಗೆ. ಹಾಳುಬಿದ್ದ ಕಾಫಿ ತೋಟ ರಾತ್ರೋರಾತ್ರಿ 'ಚಿನ್ನದ ಎಸ್ಟೇಟ್' ಆಗಿ ಹತ್ತಾರು ಪಟ್ಟು ಬೆಲೆಗೆ ಮಾರಾಟವಾಯಿತು. ಅದಿರು ಎಷ್ಟಿದೆ ಅಂತ ಖಾತ್ರಿ ಮಾಡಿಕೊಳ್ಳುವ ಮೊದಲೇ ಕಲ್ಲು ಕುಟ್ಟುವ ಭಾರಿ ಯಂತ್ರಗಳನ್ನು ಹಡಗಿನಲ್ಲಿ ತರಿಸಿ ಘಾಟಿ ಹತ್ತಿಸಿದರು. ಕುಟ್ಟಿ ಪುಡಿ ಮಾಡಿ ಪಾದರಸಕ್ಕೆ ಹಿಡಿದಾಗ ಸಿಕ್ಕಿದ್ದು ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ. ಕೂಲಿ, ಸೌದೆಯ ಖರ್ಚೂ ಹುಟ್ಟಲಿಲ್ಲ.

ಮೇಲ್ಪದರದಲ್ಲಿ ಮಳೆಗೆ ಕಲ್ಲು ಕರಗಿ, ಚಿನ್ನ ಒಂದೆಡೆ ಕೂಡಿಕೊಂಡಿರುತ್ತದೆ. ಅಲ್ಲಿಂದ ಆರಿಸಿ ತೆಗೆದ ಮಾದರಿ ಚೆನ್ನಾಗಿಯೇ ಕಾಣುತ್ತದೆ. ಕೆಳಗೆ ಇಳಿದಂತೆ ಅದು ತೆಳುವಾಗುತ್ತಾ ಹೋಯಿತು. 1883ರ ಹೊತ್ತಿಗೆ ಬಹುಪಾಲು ಕಂಪನಿಗಳು ಬಾಗಿಲು ಹಾಕಿದ್ದವು. ಯಂತ್ರಗಳು ಕಾಡಿನಲ್ಲಿ ತುಕ್ಕು ಹಿಡಿದವು.

ತಜ್ಞರ ವರದಿ, ಆತುರದ ಷೇರು ಮಾರಾಟ, ಮೊದಲು ಲಾಭ ಮಾಡಿಕೊಂಡು ಹೊರಬೀಳುವ ಪ್ರವರ್ತಕರು. ಮೊಬೈಲಿನಲ್ಲಿ ದಿನಾ ಹೊಸ ಐಪಿಒ ನೋಡುವ ನಿಮಗೆ ಇದು ಎಲ್ಲೋ ಕೇಳಿದ ಕಥೆ ಅನಿಸಬಹುದು.

ಗೆದ್ದ ಗಣಿಯ ಕಥೆ

ಅದೇ 1880ರಲ್ಲಿ ಕೋಲಾರದಲ್ಲೂ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಶುರುವಾಗಿತ್ತು. ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದ ಐರಿಷ್ ಮನುಷ್ಯ ಲಾವೆಲ್, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಲ್ಲಿ ದಾರಿ ತೆರೆದಿದ್ದ. ಅಲ್ಲೂ ಮೊದಮೊದಲು ನಷ್ಟವೇ. ಮುಚ್ಚಿಬಿಡೋಣ ಅನ್ನುವ ಮಾತೂ ಬಂದಿತ್ತು. ಜಾನ್ ಟೇಲರ್ ಅಂಡ್ ಸನ್ಸ್‌ನವರು ಹಟ ಹಿಡಿದು ಇನ್ನಷ್ಟು ಆಳಕ್ಕೆ ಇಳಿದಾಗ ಚಾಂಪಿಯನ್ ಪಟ್ಟೆ ಸಿಕ್ಕಿತು. ಮುಂದೆ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು.

ನಮ್ಮ ಸೀಮೆಗೂ ಅದಕ್ಕೂ ನಂಟಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ಮೊದಲು ಹೋದದ್ದು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ. ಬೆಂಗಳೂರಿಗೇ ಬಂದದ್ದು 1905ರಲ್ಲಿ. ಜಲಪಾತದ ಸುತ್ತಲಿನ ಹಳ್ಳಿಗಳು ಅದಾದ ಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ಹಾಗಂತ ಗೆದ್ದ ಗಣಿಯ ಕೆಲಸಗಾರರೂ ಗೆದ್ದರು ಅನ್ನೋಹಾಗಿಲ್ಲ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಉಳಿದದ್ದು ಲೈನ್ ಮನೆಗಳು, ಗಾಳಿ ಬಂದರೆ ಧೂಳೆಬ್ಬಿಸುವ ಸೈನೈಡ್ ದಿಬ್ಬಗಳು, ಬೆಳಗಿನ ಜಾವದ ಟ್ರೇನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಕ್ಕಳು.

ಚಿನ್ನ ಹೋಯಿತು, ನೆಲ ಯಾರದ್ದು?

ಗೂಡಲೂರಿನಲ್ಲಿ ಕಂಪನಿಗಳು ಹೋದ ಮೇಲೂ ಭೂಮಿ ಉಳಿಯಿತಲ್ಲ, ಅಲ್ಲಿ ಟೀ ಬಂತು. ಕೇರಳದಿಂದ ರೈತರು ಬಂದು ಕರಿಮೆಣಸು, ಶುಂಠಿ ಹಾಕಿದರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಕಳಿಸಿದ ತಮಿಳು ಕುಟುಂಬಗಳಿಗೆ ಸರ್ಕಾರಿ ಟೀ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿದರು. ಎಲ್ಲರಿಗಿಂತ ಮೊದಲು ಅಲ್ಲಿದ್ದ ಪಣಿಯರು, ಕುರುಂಬರು ತಮ್ಮದೇ ನೆಲದಲ್ಲಿ ಕೂಲಿಯವರಾದರು.

ನಿಲಂಬೂರು ಮನೆತನದ ಜನ್ಮಂ ಹಕ್ಕನ್ನು ರದ್ದು ಮಾಡಲು ತಮಿಳುನಾಡು 1969ರಲ್ಲಿ ಕಾಯ್ದೆ ತಂದು, 1974ರಲ್ಲಿ ಜಾರಿ ಮಾಡಿತು. ಸುಮಾರು 80 ಸಾವಿರ ಎಕರೆಯ ಪ್ರಶ್ನೆ ಅದು. ಎಸ್ಟೇಟ್‌ಗಳು ಕೋರ್ಟಿಗೆ ಹೋದವು. ಒಂದಷ್ಟು ಭೂಮಿಯ ಹಣೆಬರಹ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದೆ ಕರೆಂಟ್ ಕನೆಕ್ಷನ್ನಿಗೂ ಅಲೆದಾಟ. ಹಳೆಯ ಸುರಂಗಗಳಿಗೆ ಕದ್ದುಮುಚ್ಚಿ ಇಳಿದು ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಈಗ ದಿಕ್ಕು ಸ್ವಲ್ಪ ಬದಲಾಗಿದೆ. ವಯನಾಡಿನ ರೈತರು ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ, ಬಾಳೆ ಬೆಳೆಯುತ್ತಿದ್ದಾರೆ. ಎಕರೆಗೆ ಒಟ್ಟಿಗೆ ಬರುವ ದುಡ್ಡು ನೋಡಿ ಹೊಲ ಕೊಡುವವರೂ ಹೆಚ್ಚು. ಬೆಲೆ ಬಂದರೆ ಶುಂಠಿ ಚಿನ್ನವೇ. ಆದರೆ ಅದು ಬೋರ್‌ವೆಲ್ ನೀರನ್ನೂ ಗೊಬ್ಬರ, ಔಷಧವನ್ನೂ ಸುರಿಸಿಕೊಳ್ಳುವ ಬೆಳೆ. ಗುತ್ತಿಗೆ ಮುಗಿದ ಮೇಲೆ ಆ ಮಣ್ಣಿನ ಜೊತೆ ಇರಬೇಕಾದವರು ಊರಿನವರೇ.

ಊರಲ್ಲಿ ಅಪ್ಪ, ದೊಡ್ಡಪ್ಪ ಹೊಲ ಗುತ್ತಿಗೆಗೆ ಕೊಡುವ ಮಾತಾಡುತ್ತಿದ್ದರೆ, ದುಡ್ಡು ಎಷ್ಟು ಅನ್ನುವುದರ ಜೊತೆಗೆ ಕರಾರು ಎಷ್ಟು ವರ್ಷಕ್ಕೆ, ಕೊಳವೆಬಾವಿ ಬತ್ತಿದರೆ ಯಾರ ಹೊಣೆ ಅನ್ನೋದನ್ನೂ ಕೇಳಿ. ಬರಿ ಬಾಯಿಮಾತಾಗಿದ್ದರೆ ಪತ್ರ ಮಾಡಿಸಿ. ಹೊರಗಿನಿಂದ ಬಂದ ಕಂಪನಿ ಗೆದ್ದರೂ ಸೋತರೂ ಒಂದು ದಿನ ಎದ್ದು ಹೋಗುತ್ತದೆ. ನೆಲ ಮಾತ್ರ ಅಲ್ಲೇ ಇರುತ್ತದೆ, ಅದನ್ನು ನಂಬಿದವರೂ ಅಲ್ಲೇ ಇರುತ್ತಾರೆ.