ಅಟ್ಟದಿಂದಿಳಿದ ಟೂ ಇನ್ ಒನ್

ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಹಳೆಯ ಮನೆಗಳ ಅಟ್ಟ ಹತ್ತಿದರೆ, ರೇಷ್ಮೆಹುಳು ಸಾಕುವ ತಟ್ಟೆ, ಹರಿದ ಚಂದ್ರಂಕಿಗಳ ಹಿಂದೆ ಒಂದು ಟೂ ಇನ್ ಒನ್ ಸಿಕ್ಕರೂ ಸಿಕ್ಕೀತು. ಏರಿಯಲ್ ಅರ್ಧಕ್ಕೆ ಮುರಿದಿರುತ್ತದೆ. ಸೆಲ್ ಹಾಕುವ ಗೂಡಿನ ಸ್ಪ್ರಿಂಗುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಗುಜರಿಯವನಿಗೆ ಕೊಟ್ಟರೆ ಪ್ಲಾಸ್ಟಿಕ್ಕಿನ ತೂಕಕ್ಕೆ ಹೋಗುವ ಈ ಪೆಟ್ಟಿಗೆಯನ್ನು ಹುಡುಕಿಕೊಂಡು ಅಲೆಯುವವರು, ತಂದು ಬಿಚ್ಚಿ ಮತ್ತೆ ಹಾಡಿಸುವವರು ಒಂದಷ್ಟು ಮಂದಿ ಇದ್ದಾರೆ. ಹೊರದೇಶಗಳಲ್ಲಿ ಇವರನ್ನು ಬೂಮ್‌ಬಾಕ್ಸ್ ಸಂಗ್ರಾಹಕರು ಎಂದು ಗೌರವದಿಂದ ಕರೆಯುತ್ತಾರೆ. ನಮ್ಮಲ್ಲಿ ಮನೆಯವರ ಕಣ್ಣಿಗೆ ಅವರು ಹಳೇ ಸಾಮಾನು ಗುಡ್ಡೆ ಹಾಕುವವರು, ಅಷ್ಟೆ.

ಇದರ ಹುಟ್ಟಿಗೆ ಕಾರಣ ಕ್ಯಾಸೆಟ್. ಲೂ ಒಟ್ಟೆನ್ಸ್ ಎಂಬ ಡಚ್ ಎಂಜಿನಿಯರ್ ಮತ್ತವರ ತಂಡ ರೂಪಿಸಿದ ಈ ಪುಟ್ಟ ಡಬ್ಬಿಯನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ತೋರಿಸಿತು. ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲದ ಟೇಪು, ಸೆಕೆಂಡಿಗೆ 4.76 ಸೆಂ.ಮೀ. ವೇಗ. 1966ರ ಹೊತ್ತಿಗೆ ಅದೇ ಕಂಪನಿ ರೇಡಿಯೊವನ್ನೂ ರೆಕಾರ್ಡರನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿತು. ಜಪಾನಿನವರು ಎಪ್ಪತ್ತರ ದಶಕದಲ್ಲಿ ಅದಕ್ಕೆ ಸ್ಟೀರಿಯೊ, ದಪ್ಪ ಸ್ಪೀಕರು, ಹಾಡಿಗೆ ತಕ್ಕಂತೆ ಕುಣಿಯುವ ಮುಳ್ಳುಗಳನ್ನು ಕೊಟ್ಟರು. ಹತ್ತು ದೊಡ್ಡ ಸೆಲ್ಲು ನುಂಗುವ ಜೆವಿಸಿ ಆರ್‌ಸಿ-ಎಂ90 ನ್ಯೂಯಾರ್ಕಿನ ರ್‍ಯಾಪ್ ಹಾಡುಗಾರರ ಕೈಗೆ ಸಿಕ್ಕಿತು. 1985ರಲ್ಲಿ ಎಲ್‌ಎಲ್ ಕೂಲ್ ಜೆ ತನ್ನ 'ರೇಡಿಯೊ' ಆಲ್ಬಮ್ಮಿನ ಹೊದಿಕೆಯ ಮೇಲೆ ಹಾಕಿಕೊಂಡದ್ದು ಅದರ ಚಿತ್ರವನ್ನೇ. ಸಂಗ್ರಾಹಕರು ಇಂದಿಗೂ ಆ ಮಾಡೆಲ್ಲಿನ ಹೆಸರೆತ್ತಿದರೆ ಕಣ್ಣರಳಿಸುತ್ತಾರೆ.

ನಮ್ಮೂರುಗಳಿಗೆ ಅದು ಬಂದ ದಾರಿ ಬೇರೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಹೊತ್ತು ತಂದ ನ್ಯಾಷನಲ್ ಪ್ಯಾನಸೋನಿಕ್. ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತಿದ್ದ ಫಿಲಿಪ್ಸ್, ಬಿಪಿಎಲ್ ಸ್ಯಾನ್ಯೊ. ರೆಕಾರ್ಡ್ ಪ್ಲೇಯರಿಗೆ ಕರೆಂಟು ಬೇಕಿತ್ತು, ಅಲುಗದ ಮೇಜು ಬೇಕಿತ್ತು. ಇದಕ್ಕೆ ಸೆಲ್ಲು ಸಾಕು, ತೋಟದ ಮನೆಯಲ್ಲೂ ಹಾಡುತ್ತಿತ್ತು. ಸೆಲ್ಲು ಬಡವಾದರೆ ಬಿಸಿಲಿಗಿಟ್ಟು ಇನ್ನೊಂದು ದಿನ ದೂಡುತ್ತಿದ್ದೆವು. (ಆ ಉಪಾಯ ತೀರಾ ಹುಸಿಯೇನಲ್ಲ, ಬಿಸಿ ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಸೆಲ್ಲು ಸೋರಿ ಸ್ಪ್ರಿಂಗು ಹಾಳಾಗುವುದೂ ಹೀಗೆ ಎಳೆದಾಡಿದ್ದರಿಂದಲೇ.) ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಅದರ ಕವಿ ಕೆ.ಎಸ್. ನಿಸಾರ್ ಅಹಮದ್ ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದವರು; ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಅಲ್ಲಿಂದ ಮುಂದೆ ಕವಿತೆ ಕೇಳಲು ಕವಿಗೋಷ್ಠಿಗೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ.

ಅಂಗಡಿಯಲ್ಲಿ ಕೊಂಡ ಹಾಡುಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. ಸಿಗದಿರುವುದು ಮನೆಯಲ್ಲಿ ಕೆಂಪು ಗುಂಡಿ ಒತ್ತಿ ತುಂಬಿಸಿಕೊಂಡದ್ದು: ಭಜನೆಯಲ್ಲಿ ಹಾಡಿದ ಕೈವಾರ ತಾತಯ್ಯನವರ ತೆಲುಗು, ಕನ್ನಡದ ಪದಗಳು, ಅಜ್ಜಿಯ ಸೋಬಾನೆ, ಮದುವೆ ಮನೆಯ ಗದ್ದಲ, ದೂರದೇಶದಿಂದ ಕಾಗದದ ಬದಲು ಬಂದ ಮಾತು. ಈ ಪೆಟ್ಟಿಗೆಗಳನ್ನು ರಿಪೇರಿ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ, ಅವುಗಳ ಚೆಂದಕ್ಕಲ್ಲ.

ಕೊಳ್ಳುವವರಿಗೆ ಬೆಂಗಳೂರಿನ ಚಿಕ್ಕಪೇಟೆ ಬದಿಯ ಸಂಡೆ ಬಜಾರ್ ಇದೆ, ಬಿಡಿಭಾಗಕ್ಕೆ ಎಸ್.ಪಿ. ರೋಡ್ ಇದೆ. ಜಪಾನಿನ ಒಳಬಳಕೆಗೆಂದೇ ಮಾಡಿದ ಸೆಟ್ಟು ಕಂಡು ಮರುಳಾಗುವವರು ಎರಡು ಸಂಗತಿ ನೋಡಿಕೊಳ್ಳಬೇಕು. ಅದು 100 ವೋಲ್ಟಿನದು; ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇಹೋಗುತ್ತದೆ. ಅದರ ಎಫ್‌ಎಂ ಪಟ್ಟಿ ಸಾಮಾನ್ಯವಾಗಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ, ಹಾಗಾಗಿ 101.3ರ ರೇನ್‌ಬೋ ಆಗಲಿ, 102.9ರ ವಿವಿಧಭಾರತಿಯಾಗಲಿ ಸಿಗುವುದಿಲ್ಲ. ಕೊಲ್ಲಿಯಿಂದ ಬಂದ ಸೆಟ್ಟಿಗೆ ಈ ತೊಂದರೆಯಿಲ್ಲ. ಅದರ ಬೆನ್ನಿನಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ಚು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೀಡಿಯಂ ವೇವ್ ಪರೀಕ್ಷೆಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಸಾಕು. ಗೊರಗೊರ ಸದ್ದು ಬಂದರೆ ಸೆಟ್ಟನ್ನು ಬಯ್ಯುವ ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ ನೋಡಿ.

ಇನ್ನು ಬಿಚ್ಚುವ ಕೆಲಸ. ಹಿಂಬದಿಯ ಉದ್ದ ಸ್ಕ್ರೂಗಳು ಬಂದಮೇಲೆ ಮೊದಲು ಕಾಣುವುದು ಬೆಲ್ಟಿನ ಗತಿ. ಮೂವತ್ತು ನಲವತ್ತು ವರ್ಷ ಅಟ್ಟದಲ್ಲಿದ್ದ ಬೆಲ್ಟು ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಾಗಿ ಪುಲ್ಲಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಬೆರಳಿಗೆ ಹತ್ತಿಸಿಕೊಂಡರೆ ಸುಲಭವಾಗಿ ಹೋಗುವುದಿಲ್ಲ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಾಳ್ಮೆಯಿಂದ ತೆಗೆಯಬೇಕು. ಹಳೆಯ ಬೆಲ್ಟಿನ ಅಳತೆ ನಂಬುವಂತಿಲ್ಲ. ಪುಲ್ಲಿಗಳ ಸುತ್ತ ದಾರ ಹಾಯಿಸಿ, ಬಂದ ಅಳತೆಗಿಂತ ತುಸು ಚಿಕ್ಕದನ್ನು ತರುವುದು ವಾಡಿಕೆ. ಮುಂದೆ ಪಿಂಚ್ ರೋಲರ್ ಎಂಬ ಪುಟ್ಟ ರಬ್ಬರ್ ಚಕ್ರ, ತುಂಡಾದ ಏರಿಯಲ್, ಕರಕರ ಎನ್ನುವ ವಾಲ್ಯೂಮ್ ತಿರುಪು. ಟೇಪನ್ನು ಸುತ್ತಿಕೊಳ್ಳುವ ಬದಿಯ ಎಳೆತವನ್ನು ಕೈಯಲ್ಲೇ ಅಂದಾಜಿಸಬೇಕು. ಶಿಡ್ಲಘಟ್ಟದ ರೀಲರುಗಳು ಚರಕದಲ್ಲಿ ನೂಲೆಳೆಯುವ ಹದವೇ ಇದೂ: ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ಸಿಕ್ಕಾಗುತ್ತದೆ. ವೇಗ ಸರಿಪಡಿಸುವ ಸ್ಕ್ರೂ ಮೋಟರಿನ ಬೆನ್ನಿನ ಸಣ್ಣ ತೂತಿನೊಳಗಿರುತ್ತದೆ. ಒಳ್ಳೆಯ ಪರಿಚಯವಿರುವ ದನಿಯೊಂದನ್ನು ಹಾಕಿಕೊಂಡು ತಿರುಗಿಸಿದರೆ ಗಂಡಸಿನ ದನಿ ಹೆಂಗಸಿನದಾಗುವುದು, ಮತ್ತೆ ಗಂಡಸಿನದಾಗುವುದು ಕೇಳಿಸುತ್ತದೆ.

ಕಸುಬು ನಿಜವಾಗಿ ಗೊತ್ತಾಗುವುದು ಹೆಡ್ಡಿನ ಹತ್ತಿರ. ಟೇಪು ತಾಗುವ ಆ ಹೊಳೆಯುವ ಲೋಹದ ಮುಖದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇದೆ. ಟೇಪು ಹರಿಯುವ ದಿಕ್ಕಿಗೆ ಅದು ನೆಟ್ಟಗೆ ಅಡ್ಡ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ದನಿ ಮಂಕಾಗುತ್ತದೆ, 'ಸ', 'ಷ' ಅಕ್ಷರಗಳ ಮೊನೆ ಹೋಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಸ್ಕ್ರೂ ಈ ವಾಲನ್ನು ತಿದ್ದುತ್ತದೆ. ಸರಿಯಾದ ಪರೀಕ್ಷಾ ಟೇಪು ಹಾಕಿ ಒಮ್ಮೆ ತಿದ್ದಿ ಬಣ್ಣದ ಚುಕ್ಕೆಯಿಟ್ಟು ಬಿಟ್ಟರೆ ಕಂಪನಿಯ ಕ್ಯಾಸೆಟ್ಟುಗಳ ಮಟ್ಟಿಗೆ ಕೆಲಸ ಮುಗಿಯಿತು.

ಮನೆಯ ಕ್ಯಾಸೆಟ್ಟುಗಳ ಕತೆ ಹಾಗಲ್ಲ. ಅಜ್ಜಿಯ ಹಾಡು ತುಂಬಿಸಿದ ಸೆಟ್ಟಿನ ಹೆಡ್ಡು ಎಡಕ್ಕೆ ವಾಲಿತ್ತು ಎನ್ನಿ. ಹಾಡೂ ಟೇಪಿನ ಮೇಲೆ ಅದೇ ವಾಲಿನಲ್ಲಿ ಅಚ್ಚಾಗಿರುತ್ತದೆ. ಎಷ್ಟು ದುಬಾರಿಯ, ಎಷ್ಟು ನೆಟ್ಟಗಿನ ಡೆಕ್ಕಿನಲ್ಲಿ ಹಾಕಿದರೂ ಅದು ಮಂಕಾಗಿಯೇ ಕೇಳುತ್ತದೆ. ಆ ಹಳೆಯ ಸೆಟ್ಟೇ ಬೇಕು, ಇಲ್ಲವೇ ಆ ಟೇಪಿಗೆಂದೇ ಸ್ಕ್ರೂ ತಿರುಗಿಸಿ ಅದರ ವಾಲನ್ನು ಹುಡುಕಬಲ್ಲ ಕೈ ಬೇಕು. ಒಳ್ಳೆಯ ಮೆಕ್ಯಾನಿಕ್ಕು ಟೇಪು ಓಡುತ್ತಿರುವಾಗಲೇ ಕಿವಿ ಕೊಟ್ಟು ಕಾಲುಸುತ್ತು ಅತ್ತ, ಕಾಲುಸುತ್ತು ಇತ್ತ ಆಡಿಸುತ್ತಾನೆ. ಬಳೆಯ ಸದ್ದು ಬಿಡಿಬಿಡಿಯಾಗಿ ಕೇಳಿದಲ್ಲಿ ನಿಲ್ಲಿಸುತ್ತಾನೆ. ಕೂಡಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಹೆಡ್ಡನ್ನು ಮತ್ತೆ ಮೊದಲಿನ ಜಾಗಕ್ಕೆ ತರುತ್ತಾನೆ.

ಆದ್ದರಿಂದಲೇ ಈಗಿನ ಒಂದು ಗೀಳು ನನಗೆ ಸರಿಬರುವುದಿಲ್ಲ. ಹಳೆಯ ಪೆಟ್ಟಿಗೆಯ ಹೊಟ್ಟೆ ಬಗೆದು, ಹೆಡ್ಡು, ಮೋಟರು, ಬೆಲ್ಟನ್ನೆಲ್ಲ ಕಸಕ್ಕೆ ಹಾಕಿ, ಒಳಗೊಂದು ಬ್ಲೂಟೂತ್ ಬೋರ್ಡು ಕೂರಿಸಿ ಬೈಠಕ್ಕಿನಲ್ಲಿ ಇಡುವುದು. ಡೆಕ್ಕು ಪೂರಾ ತುಕ್ಕು ಹಿಡಿದು ಹೋಗಿದ್ದರೆ ಮಾಡಲಿ, ಬೇಡ ಎನ್ನುವುದಿಲ್ಲ. ನೂರಿನ್ನೂರು ರೂಪಾಯಿಯ ಬೆಲ್ಟಿನಿಂದ ತಿರುಗಬಹುದಾಗಿದ್ದನ್ನು ಹೀಗೆ ಮಾಡುವವರ ಬಳಿ ವಾದಕ್ಕಿಳಿಯದೆ ಇರಲು ನನ್ನಿಂದಾಗಿಲ್ಲ.

ನಿಮ್ಮ ಅಟ್ಟದ ಸೆಟ್ಟನ್ನು ಇಳಿಸುವುದಾದರೆ ಪ್ಲಗ್ಗು ಚುಚ್ಚುವ ಆತುರ ಬೇಡ. ಮೊದಲು ಬಿಚ್ಚಿಸಿ ಒರೆಸಿಸಿ. ರಿಪೇರಿಯಾದ ಮೇಲೂ ಹೋದರೆ ಹೋಗಲಿ ಎನ್ನುವ ಕ್ಯಾಸೆಟ್ಟನ್ನೇ ಮೊದಲು ಹಾಕಿ. ಮನೆಯವರ ದನಿಯಿರುವ ಕ್ಯಾಸೆಟ್ಟಾದರೆ, ಟೇಪು ಕಾಣುವ ಬಾಯಿಯ ಎದುರು ಅಂಚಿನ ಎರಡು ಮೂಲೆಗಳಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲುಗಳಿರುತ್ತವೆ, ಅವನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಆಮೇಲೆ ಯಾರು ತಪ್ಪಿ ಕೆಂಪು ಗುಂಡಿ ಒತ್ತಿದರೂ ಅದು ಕೆಳಗಿಳಿಯುವುದಿಲ್ಲ. ಮುಂದೆಂದಾದರೂ ಅದೇ ಕ್ಯಾಸೆಟ್ಟಿನಲ್ಲಿ ಮತ್ತೆ ತುಂಬಿಸಬೇಕೆನಿಸಿದರೆ ಆ ತೂತಿನ ಮೇಲೆ ಚೂರು ಸೆಲ್ಲೋಟೇಪ್ ಅಂಟಿಸಿದರಾಯಿತು.