ಬಂಡೆಗೂ ಸೈ, ಬಯಲಿಗೂ ಸೈ

ಅಮೆರಿಕದ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಜಾನ್ಸನ್ ವ್ಯಾಲಿ ಎಂಬ ಜಾಗವಿದೆ. ಒಂದು ಕಡೆ ನೀರಿಲ್ಲದೆ ಬಿರುಕು ಬಿಟ್ಟ ಕೆರೆಯ ವಿಶಾಲ ಬಯಲು, ಇನ್ನೊಂದು ಕಡೆ ಆಳೆತ್ತರದ ಬಂಡೆಗಳು ಕಿಕ್ಕಿರಿದ ಕಣಿವೆಗಳು. 2007ರಲ್ಲಿ ಕೆಲವು ಗೆಳೆಯರು ಸೇರಿ ಅಲ್ಲೊಂದು ಓಟ ಶುರು ಮಾಡಿದರು. ‘ಕಿಂಗ್ ಆಫ್ ದಿ ಹ್ಯಾಮರ್ಸ್’ ಎಂದು ಅದರ ಹೆಸರು. ಜ್ಯಾಕ್‌ಹ್ಯಾಮರ್, ಸ್ಲೆಡ್ಜ್‌ಹ್ಯಾಮರ್ ಎಂದು ಅಲ್ಲಿನ ಬಂಡೆದಾರಿಗಳಿಗೆ ಸುತ್ತಿಗೆಯ ಹೆಸರುಗಳೇ ಇರುವುದರಿಂದ ಓಟಕ್ಕೂ ಅದೇ ಹೆಸರು ಬಂತು.

ಈ ಓಟದ ಗಾಡಿಗಳಿಗೆ ಎರಡು ಪರೀಕ್ಷೆ. ಬಯಲಿನಲ್ಲಿ ಗಂಟೆಗೆ 160 ಕಿ.ಮೀ. ಮೀರಿ ನುಗ್ಗಬೇಕು. ಮುಂದಿನ ಕಣಿವೆಯಲ್ಲಿ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಒಂದೊಂದೇ ಬಂಡೆ ಹತ್ತಿ ಇಳಿಯಬೇಕು. ಹೊರಟವರಲ್ಲಿ ಬಹಳ ಮಂದಿ ಗುರಿ ಮುಟ್ಟುವುದೇ ಇಲ್ಲ. ನಡುದಾರಿಯಲ್ಲಿ ಏನಾದರೂ ಮುರಿದರೆ ಚಾಲಕ ಮತ್ತು ಜೊತೆಗಾರ ಕೆಳಗಿಳಿದು, ತಂದಿರುವ ಸಾಮಾನಿನಲ್ಲೇ ರಿಪೇರಿ ಮಾಡಿಕೊಳ್ಳಬೇಕು. ಹಾಗಾಗಿ ಇಲ್ಲಿ ಓಡಿಸುವ ಕೈಯಷ್ಟೇ ಸ್ಪ್ಯಾನರ್ ಹಿಡಿಯುವ ಕೈಗೂ ಬೆಲೆ.

ಈ ‘ರಾಕ್ ರೇಸರ್’ ಗಾಡಿಗಳ ಪುಟ್ಟ ರೂಪವೇ ರಿಮೋಟ್ ರಾಕ್ ರೇಸರ್. ಆಕ್ಸಿಯಲ್ ಕಂಪನಿಯ ‘ಯೇತಿ’, ಲೋಸಿ ಕಂಪನಿಯ ‘ರಾಕ್ ರೇ’ ಈ ಜಾತಿಯವು. ನಿಜವಾದ ಗಾಡಿಯ ಹತ್ತನೇ ಒಂದರಷ್ಟು ಉದ್ದ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಆಟಿಕೆ ಕಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ: ಇದರ ಪ್ರತಿಯೊಂದು ಸ್ಕ್ರೂ ಬಿಚ್ಚಬಹುದು, ಪ್ರತಿಯೊಂದು ಭಾಗ ಬದಲಿಸಬಹುದು.

ಎರಡು ಸ್ವಭಾವ, ಒಂದೇ ಗಾಡಿ

ರಿಮೋಟ್ ಗಾಡಿಗಳಲ್ಲಿ ಬರೀ ಬಂಡೆ ಹತ್ತುವ ‘ಕ್ರಾಲರ್’ ಬೇರೆ, ಬರೀ ಓಡುವ ‘ಬಗ್ಗಿ’ ಬೇರೆ. ಕ್ರಾಲರ್‌ನ ಹಿಂದೆ ಮುಂದೆ ಎರಡೂ ಕಡೆ ಎತ್ತಿನ ಗಾಡಿಯ ಅಚ್ಚಿನಂತೆ ಒಂದೇ ಗಟ್ಟಿ ಅಚ್ಚು ಇರುತ್ತದೆ. ಒಂದು ಚಕ್ರ ಕಲ್ಲು ಹತ್ತಿದರೆ ಅಚ್ಚು ಓರೆಯಾಗಿ ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಬಗ್ಗಿಯಲ್ಲಿ ಪ್ರತಿ ಚಕ್ರವೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೂ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ.

ಯೇತಿಯಂಥ ರಾಕ್ ರೇಸರ್ ಎರಡನ್ನೂ ಕೂಡಿಸುತ್ತದೆ. ಮುಂದಿನ ಚಕ್ರಗಳು ಸ್ವತಂತ್ರ, ಹಿಂದೆ ನಾಲ್ಕು ಸರಳುಗಳು ಹಿಡಿದಿರುವ ಗಟ್ಟಿ ಅಚ್ಚು. ವೇಗದಲ್ಲಿ ಮುಂಭಾಗ ನೆಲ ಬಿಡದೆ ತಿರುಗುತ್ತದೆ, ಬಂಡೆಯಲ್ಲಿ ಹಿಂಭಾಗ ಒತ್ತಿ ತಳ್ಳುತ್ತದೆ.

ಲಾರಿಯ ಹಿಂದಿನ ಚಕ್ರಗಳ ನಡುವೆ ದಪ್ಪ ಗುಂಡಿನಂಥ ಭಾಗವನ್ನು ನೀವು ನೋಡಿರುತ್ತೀರಿ. ಅದರೊಳಗಿರುವುದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಗುಂಪು ಅದು. ಆದರೆ ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದೇ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವ ಚಕ್ರ ಸುಮ್ಮನಿರುತ್ತದೆ. ಅದಕ್ಕಾಗಿ ಕೆಲವು ಮಾದರಿಗಳಲ್ಲಿ ಡಿಫರೆನ್ಷಿಯಲ್ ಒಳಗೆ ಜೇನಿನಂಥ ಮಂದ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಇನ್ನು ಕೆಲವದರಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಸದಾ ಒಟ್ಟಿಗೇ ತಿರುಗುವಂತೆ ಕಟ್ಟಿಬಿಡುತ್ತಾರೆ.

ಪುಟ್ಟದ್ದೇ ಗಟ್ಟಿ

ಮೇಜಿನಷ್ಟು ಎತ್ತರದಿಂದ ಬಿದ್ದು ನಾಲ್ಕು ಪಲ್ಟಿ ಹೊಡೆದರೂ ಈ ಗಾಡಿ ಎದ್ದು ಓಡುತ್ತದೆ. ದೊಡ್ಡ ಗಾಡಿ ಅದರ ಹತ್ತರಷ್ಟು ಎತ್ತರದಿಂದ ಬಿದ್ದರೆ ಗುಜರಿಗೇ ಹೋಗಬೇಕು. ಯಾಕೆ?

ಗಾಡಿಯ ಉದ್ದ ಹತ್ತನೇ ಒಂದಾದರೆ ಅಗಲ, ಎತ್ತರಗಳೂ ಹತ್ತನೇ ಒಂದು. ಅಂದರೆ ಅದೇ ಸಾಮಾನಿನಿಂದ ಮಾಡಿದ್ದಾದರೆ ತೂಕ ಸಾವಿರದಲ್ಲಿ ಒಂದು. ದೊಡ್ಡದು 2,000 ಕಿಲೋ ಇದ್ದರೆ ಪುಟ್ಟದು 2 ಕಿಲೋ. ಆದರೆ ಸರಳಿನ ಬಲ ಅದರ ಅಡ್ಡಕೊಯ್ತವನ್ನು ಅವಲಂಬಿಸಿದೆ. ಅದು ಇಳಿಯುವುದು ನೂರರಲ್ಲಿ ಒಂದಕ್ಕೆ ಮಾತ್ರ. ಹೀಗಾಗಿ ತನ್ನ ತೂಕಕ್ಕೆ ಹೋಲಿಸಿದರೆ ಪುಟ್ಟ ಗಾಡಿ ಹತ್ತುಪಟ್ಟು ಗಟ್ಟಿ. ಇರುವೆ ತನ್ನ ತೂಕದ ಹಲವು ಪಟ್ಟು ಹೊರುವ ಗುಟ್ಟೂ ಇದೇ.

ಕೂಡಿಸುವಾಗ

ಕೂಡಿಸಿಯೇ ಬರುವ ಗಾಡಿಗಳೂ ಇವೆ, ಬಿಡಿಭಾಗಗಳ ಪೊಟ್ಟಣವಾಗಿ ಬರುವ ‘ಕಿಟ್’ಗಳೂ ಇವೆ. ಕಿಟ್ ಕೂಡಿಸಿದವರಿಗೆ ಮುಂದೆ ಏನು ಮುರಿದರೂ ಅದು ಎಲ್ಲಿದೆ, ಹೇಗೆ ಕುಳಿತಿದೆ ಎಂಬುದು ಗೊತ್ತಿರುತ್ತದೆ. ಅವಸರ ಮಾಡದೆ ದಿನಕ್ಕೊಂದು ಚೀಲದ ಭಾಗಗಳನ್ನಷ್ಟೇ ತಟ್ಟೆಗೆ ಸುರಿದುಕೊಂಡು ಕೂಡಿಸಿ. ಕೆಲವು ಕಿವಿಮಾತು:

• ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕುವಾಗ ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಹಳೆಯ ಮರೆ ಸಿಕ್ಕಾಗ ಸಣ್ಣಗೆ ‘ಟಕ್’ ಎನ್ನುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಪದೇ ಪದೇ ಬಿಚ್ಚಿದರೂ ಮರೆ ಹಾಳಾಗುವುದಿಲ್ಲ.

• ಲೋಹಕ್ಕೆ ಲೋಹದ ಸ್ಕ್ರೂ ಕೂರುವ ಕಡೆ ಒಂದು ಹನಿ ಥ್ರೆಡ್ ಲಾಕ್ ಅಂಟು ಹಾಕಿ. ಇಲ್ಲವಾದರೆ ಅದುರಾಟಕ್ಕೆ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಪ್ಲಾಸ್ಟಿಕ್‌ಗೆ ಮಾತ್ರ ಇದು ಬೇಡ, ಪ್ಲಾಸ್ಟಿಕ್ ಸೀಳಬಹುದು.

• ಮೋಟಾರಿನ ಚಿಕ್ಕ ಹಲ್ಲುಚಕ್ರ ಮತ್ತು ಅದು ತಿರುಗಿಸುವ ದೊಡ್ಡ ಹಲ್ಲುಚಕ್ರದ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ, ಮೋಟಾರನ್ನು ಬಿಗಿ ಮಾಡಿ, ಪಟ್ಟಿ ತೆಗೆಯಿರಿ. ಅಷ್ಟೇ ಸಂದು ಸಾಕು. ಬಿಗಿಯಾದರೆ ಮೋಟಾರು ಕಾಯುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ.

• ಶಾಕ್ ಅಬ್ಸಾರ್ಬರ್‌ಗೆ ಎಣ್ಣೆ ತುಂಬಿ ಒಳಗಿನ ದಂಡವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಗುಳ್ಳೆಗಳೆಲ್ಲ ಮೇಲೆ ಬಂದ ಮೇಲೆ ಮುಚ್ಚಳ ಹಾಕಿ.

• ಪಾರದರ್ಶಕ ಪಾಲಿಕಾರ್ಬನೇಟ್ ಹೊದಿಕೆಗೆ ಬಣ್ಣ ಬಳಿಯುವುದು ಒಳಗಿನಿಂದ. ಆಗ ಹೊರಗೆ ಎಷ್ಟು ಗೀರಿದರೂ ಬಣ್ಣ ಹೋಗುವುದಿಲ್ಲ.

ಎಲ್ಲಿ ಮುರಿಯಬೇಕು?

ಗಾಡಿ ಓಡತೊಡಗಿದ ವಾರದೊಳಗೆ ಎಲ್ಲರಿಗೂ ಬರುವ ಆಸೆ ಒಂದೇ, ಇನ್ನೂ ವೇಗ ಬೇಕು! ಬ್ರಷ್‌ಲೆಸ್ ಮೋಟಾರುಗಳ ಮೇಲೆ ‘ಕೆವಿ’ ಎಂಬ ಅಂಕಿ ಇರುತ್ತದೆ. ಹೊರೆ ಇಲ್ಲದಿದ್ದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು. 3,000 ಕೆವಿ ಮೋಟಾರಿಗೆ 7.4 ವೋಲ್ಟ್ ಬ್ಯಾಟರಿ ಹಾಕಿದರೆ 22,200 ಸುತ್ತು, 11.1 ವೋಲ್ಟ್ ಹಾಕಿದರೆ 33,300 ಸುತ್ತು.

ವೇಗ ಒಂದೂವರೆ ಪಟ್ಟಾಯಿತು. ಆದರೆ ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಲ್ಲಿಗೆ ಬಡಿದಾಗ ಗಾಡಿ ತಾಳಿಕೊಳ್ಳಬೇಕಾದದ್ದು ಎರಡೂಕಾಲು ಪಟ್ಟು! ಮೊದಲು ಸುಮ್ಮನಿದ್ದ ಪ್ಲಾಸ್ಟಿಕ್ ಹಲ್ಲುಚಕ್ರ ಈಗ ಉದುರುತ್ತದೆ. ಉಕ್ಕಿನದು ಹಾಕುತ್ತೀರಿ. ಅದು ಉಳಿಯುತ್ತದೆ, ಆದರೆ ಚಕ್ರಕ್ಕೆ ಹೋಗುವ ಸರಳು ತಿರುಚಿಕೊಳ್ಳುತ್ತದೆ. ಸರಳು ಬದಲಿಸಿದರೆ ಡಿಫರೆನ್ಷಿಯಲ್ ಸರದಿ. ಒಂದನ್ನು ಗಟ್ಟಿ ಮಾಡಿದಷ್ಟೂ ಪೆಟ್ಟು ಪಕ್ಕದ್ದಕ್ಕೆ ದಾಟುತ್ತದೆ, ಮನೆಯವರ ಕಿಸೆಯೂ ಹಗುರಾಗುತ್ತದೆ.

ಅನುಭವಿಗಳು ಗಾಡಿಯನ್ನು ಮುರಿಯದಂತೆ ಮಾಡಲು ಹೋಗುವುದಿಲ್ಲ. ಮುರಿದರೆ ಎಲ್ಲಿ ಮುರಿಯಬೇಕು ಎಂದು ತಾವೇ ತೀರ್ಮಾನಿಸುತ್ತಾರೆ. ಅಗ್ಗದ, ಐದು ನಿಮಿಷದಲ್ಲಿ ಬದಲಿಸಬಹುದಾದ ಭಾಗವನ್ನು ಬೇಕೆಂದೇ ಮೆದುವಾಗಿ ಬಿಡುತ್ತಾರೆ. ಮನೆಯ ಫ್ಯೂಸ್ ತಂತಿ ತಾನು ಸುಟ್ಟು ಟಿ.ವಿ. ಉಳಿಸುವುದಿಲ್ಲವೇ, ಹಾಗೆ.

ತಯಾರಕರೂ ಇದನ್ನೇ ಮಾಡಿರುತ್ತಾರೆ. ದೊಡ್ಡ ಹಲ್ಲುಚಕ್ರದ ಪಕ್ಕದಲ್ಲಿ ‘ಸ್ಲಿಪ್ಪರ್ ಕ್ಲಚ್’ ಇದೆ. ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ಅದು ಸ್ವಲ್ಪ ಜಾರಿ ಹಲ್ಲುಗಳನ್ನು ಉಳಿಸುತ್ತದೆ. ಅದನ್ನು ಪೂರ್ತಿ ಬಿಗಿ ಮಾಡಿಬಿಟ್ಟರೆ ಈ ಕಾವಲುಗಾರನನ್ನು ಕಟ್ಟಿಹಾಕಿದಂತೆ. ಮುಂದಿನ ಚಕ್ರ ಹಿಡಿಯುವ ಪ್ಲಾಸ್ಟಿಕ್ ತೋಳುಗಳೂ ಅಷ್ಟೇ. ಪೆಟ್ಟು ಬಿದ್ದಾಗ ಬಾಗಿ ಮತ್ತೆ ನೇರವಾಗುತ್ತವೆ. ಹೊಳೆಯುವ ಅಲ್ಯೂಮಿನಿಯಂ ತೋಳು ಒಮ್ಮೆ ಬಾಗಿದರೆ ಬಾಗಿದಂತೆಯೇ, ಬಾಗದಿದ್ದರೆ ಪೆಟ್ಟನ್ನು ಒಳಗಿನ ದುಬಾರಿ ಭಾಗಕ್ಕೆ ದಾಟಿಸುತ್ತದೆ.

ಹಾಗಾದರೆ ಮೊದಲು ಏನು ಬದಲಿಸಬೇಕು? ಸವೆದ ಬೇರಿಂಗ್‌ಗಳನ್ನು. ಆಮೇಲೆ ನಿಮ್ಮ ನೆಲಕ್ಕೆ ಹೊಂದುವ ಟಯರ್‌ಗಳನ್ನು. ಮೂರನೆಯದಾಗಿ ಚಕ್ರ ತಿರುಗಿಸುವ ಸರ್ವೋ. ಕಲ್ಲುಗಳ ನಡುವೆ ಸಿಕ್ಕಿದ ಚಕ್ರವನ್ನು ತಿರುಗಿಸಲು ಬಲ ಬೇಕು. ಸರ್ವೋ ಮೇಲೆ ‘15 ಕೆ.ಜಿ.-ಸೆಂ.ಮೀ.’ ಎಂದಿದ್ದರೆ, ಒಂದು ಸೆಂಟಿಮೀಟರ್ ಉದ್ದದ ಅದರ ತೋಳಿನ ತುದಿ 15 ಕಿಲೋ ತೂಕವನ್ನು ತಡೆಯಬಲ್ಲದು ಎಂದರ್ಥ. ಲೋಹದ ಹಲ್ಲುಗಳಿರುವ ಸರ್ವೋ ಇಲ್ಲಿ ಒಳ್ಳೆಯದು. ಮೋಟಾರು ಕಟ್ಟಕಡೆಗೆ.

ರಿಪೇರಿ: ಮೊದಲು ಕಿವಿ, ಆಮೇಲೆ ಕೈ

ಗಾಡಿ ನಿಂತ ಕೂಡಲೇ ಎಲ್ಲ ಬಿಚ್ಚಬೇಡಿ. ಚಕ್ರಗಳು ನೆಲಕ್ಕೆ ತಾಗದಂತೆ ಒಂದು ಡಬ್ಬದ ಮೇಲಿಟ್ಟು, ಬೆರಳು ದೂರವಿಟ್ಟು ಮೆಲ್ಲಗೆ ಓಡಿಸಿ ನೋಡಿ. ಹೆಚ್ಚಿನ ರೋಗಗಳು ತಮ್ಮ ಸದ್ದಿನಲ್ಲೇ ಸಿಕ್ಕಿಬೀಳುತ್ತವೆ.

ಮೋಟಾರಿನ ಸದ್ದು ಕೇಳುತ್ತದೆ, ಒಂದು ಚಕ್ರವೂ ತಿರುಗುತ್ತಿಲ್ಲ: ಮೋಟಾರಿನ ಹಲ್ಲುಚಕ್ರವನ್ನು ಹಿಡಿದ ಸಣ್ಣ ಸ್ಕ್ರೂ ಸಡಿಲವಾಗಿರಬೇಕು, ಇಲ್ಲವೇ ಸ್ಲಿಪ್ಪರ್ ಕ್ಲಚ್ ಅತಿ ಸಡಿಲ. ಒಂದು ಪೈಸೆ ಖರ್ಚಿಲ್ಲದ ರಿಪೇರಿ.

‘ಕಟಕಟ’ ಸದ್ದು: ಎಲ್ಲೋ ಹಲ್ಲು ಉದುರಿದೆ. ಮೊದಲು ದೊಡ್ಡ ಹಲ್ಲುಚಕ್ರ ನೋಡಿ. ಅದು ಸರಿಯಿದ್ದರೆ ಮುಂದಿನ ಚಕ್ರ, ಹಿಂದಿನ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ಯಾವ ಡಿಫರೆನ್ಷಿಯಲ್ ಎಂದು ಪತ್ತೆ ಮಾಡಿ.

ಒಂದು ಚಕ್ರದ ಸರಳು ಮಾತ್ರ ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ: ಸರಳಿನ ತುದಿಯ ಪಿನ್ ಬಿದ್ದುಹೋಗಿದೆ.

ಸ್ಟೀರಿಂಗ್ ‘ಗುಂಯ್’ ಎನ್ನುತ್ತದೆ, ಚಕ್ರ ಹೊರಳುವುದಿಲ್ಲ: ಸರ್ವೋ ಒಳಗಿನ ಹಲ್ಲು ಹೋಗಿದೆ. ಕೆಲವು ಸರ್ವೋಗಳಿಗೆ ಹಲ್ಲುಚಕ್ರಗಳಷ್ಟೇ ಬಿಡಿಯಾಗಿ ಸಿಗುತ್ತವೆ.

ಭಾಗ ಬದಲಿಸಿ ಮುಗಿಯಿತು ಎನ್ನುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮುರಿದದ್ದೇಕೆ? ಹಲ್ಲು ಉದುರಿದ್ದು ಸಂದು ಸಡಿಲವಾಗಿದ್ದರಿಂದ ಆಗಿದ್ದರೆ, ಹೊಸ ಹಲ್ಲುಚಕ್ರವೂ ವಾರದಲ್ಲಿ ಉದುರುತ್ತದೆ.

ನಮ್ಮ ಕೆಂಪು ಮಣ್ಣು ಒದ್ದೆಯಾದಾಗ ಬೇರಿಂಗ್ ಒಳಗೆ ನುಗ್ಗಿ ಉಪ್ಪುಕಾಗದದಂತೆ ಉಜ್ಜುತ್ತದೆ. ಮಳೆಗಾಲದಲ್ಲಿ ಆಡಿದ ಮೇಲೆ ಬ್ಯಾಟರಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆಸರು ಉಜ್ಜಿ, ಒಣಗಿಸಿ, ಬೇರಿಂಗ್‌ಗೆ ಒಂದೊಂದು ಹನಿ ಎಣ್ಣೆ ಬಿಡಿ.

ಬ್ಯಾಟರಿ: ಆಟವಲ್ಲ

ಈ ಗಾಡಿಗಳಲ್ಲಿ ಹೆಚ್ಚಾಗಿ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಬಲಶಾಲಿ, ಆದರೆ ಕೆಣಕಿದರೆ ಬೆಂಕಿ. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗೆ ಇಳಿಯಲೇಬಾರದು. ಹಲವು ದಿನ ಎತ್ತಿಡುವುದಾದರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸು ಇರಲಿ. ಅದಕ್ಕೆಂದೇ ಇರುವ, ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಚಾರ್ಜರ್ ಬಳಸಿ. ಚಾರ್ಜ್ ಮಾಡುವಾಗ ಮನೆಯ ಹಿರಿಯರು ಹತ್ತಿರವಿರಲಿ. ಹಾಸಿಗೆ, ಸೋಫಾ ಬೇಡ, ಬರಿಯ ಸಿಮೆಂಟ್ ನೆಲ ಒಳ್ಳೆಯದು. ರಾತ್ರಿ ಚಾರ್ಜ್‌ಗೆ ಹಾಕಿ ಮಲಗುವುದಂತೂ ಖಂಡಿತ ಕೂಡದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮೊದಲ ಸಲ ಕಲಿಯುವ ಮಕ್ಕಳಿಗೆ 7.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ವಾಸಿ. ವೇಗ ಸ್ವಲ್ಪ ಕಡಿಮೆ, ಚಿಂತೆಯೂ ಕಡಿಮೆ.

ಇನ್ನೊಂದು ಕಡ್ಡಾಯ ಅಭ್ಯಾಸ: ಶುರು ಮಾಡುವಾಗ ಮೊದಲು ರಿಮೋಟ್, ಆಮೇಲೆ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಆಮೇಲೆ ರಿಮೋಟ್. ಆಗ ಗಾಡಿ ಎಂದೂ ಹೇಳುವವರಿಲ್ಲದೆ ಓಡುವುದಿಲ್ಲ.

ಕೊಳ್ಳುವ ಮುನ್ನ

ಒಳ್ಳೆಯ ರಾಕ್ ರೇಸರ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವೇಗ ಓಡುತ್ತದೆ?’ ಎಂದಲ್ಲ. ‘ಇದರ ಹಲ್ಲುಚಕ್ರ, ತೋಳು, ಸರಳು ಬಿಡಿಯಾಗಿ ಸಿಗುತ್ತವೆಯೇ?’ ಎಂದು. ಸಿಗುವುದಿಲ್ಲವಾದರೆ ಎಷ್ಟೇ ಚೆಂದದ ಗಾಡಿಯೂ ಒಂದು ಹಲ್ಲು ಉದುರಿದ ದಿನ ಅಟ್ಟ ಸೇರುತ್ತದೆ. ಅಲೆನ್ ಕೀಗಳು ಮಾತ್ರ ಅಗ್ಗದವು ಬೇಡ, ಸ್ಕ್ರೂ ತಲೆ ಸವೆದುಬಿಡುತ್ತದೆ. 1.5, 2 ಮತ್ತು 2.5 ಮಿ.ಮೀ. ಅಳತೆಯವಿದ್ದರೆ ಬಹುಪಾಲು ಕೆಲಸ ಆಗುತ್ತದೆ.

ಓಡಿಸಲು ದೊಡ್ಡ ಬೆಟ್ಟ ಬೇಕಿಲ್ಲ. ಹಿತ್ತಲಿನಲ್ಲಿ ಒಂದಷ್ಟು ಸೈಜುಗಲ್ಲು, ಜಲ್ಲಿ ಹರಡಿ ಪಕ್ಕದಲ್ಲಿ ಹತ್ತು ಮೀಟರ್ ಮಣ್ಣಿನ ದಾರಿ ಬಿಟ್ಟರೆ ಅದೇ ನಿಮ್ಮ ಜಾನ್ಸನ್ ವ್ಯಾಲಿ. ರಸ್ತೆ, ಕಲ್ಲುಕ್ವಾರಿ, ಹಳೆಯ ಸ್ಮಾರಕಗಳ ಹತ್ತಿರ ಮಾತ್ರ ಬೇಡ. ಜೊತೆಗೊಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಯಾವ ದಿನ ಏನು ಮುರಿಯಿತು, ಏಕೆ ಮುರಿಯಿತು, ಏನು ಮಾಡಿದಿರಿ ಎಂದು ಬರೆಯಿರಿ. ಒಂದು ವರ್ಷದಲ್ಲಿ ನಿಮ್ಮ ಗಾಡಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಪುಸ್ತಕ ಬೇರೆಲ್ಲೂ ಸಿಗದು.